ಜಿಂಕೆಗೆಂದು ಬಿತ್ತಿದ ಒಂದೂವರೆ ಎಕರೆ: ಕಾಡಂಚಿನ ಒಂದು ಪ್ರಕರಣ

ಇದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆ, ನಾಗರಹೊಳೆ ಕಾಡಿಗೆ ಅಂಟಿಕೊಂಡಿರುವ ಒಂದು ಜಮೀನಿನಲ್ಲಿ ನಡೆದದ್ದು. ಊರಿನ ಹೆಸರಾಗಲಿ ಮನೆಯವರ ಹೆಸರಾಗಲಿ ಬರೆಯುತ್ತಿಲ್ಲ. ಗುರುತು ಸಿಕ್ಕಿಬಿಡಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ನಡೆದ ಕ್ರಮ, ತಗೊಂಡ ತೀರ್ಮಾನ, ಆದ ತಪ್ಪು ಮಾತ್ರ ಇದ್ದ ಹಾಗೇ ಇವೆ. ಮೇವಿನ ಬೆಳೆ ಬಗ್ಗೆ ರೈತರಿಗೆ ಹೇಳಿಕೊಡುವುದು ನನ್ನ ಕೆಲಸ. ಈ ಜಮೀನಿಗೆ ಬೀಜ ಆರಿಸಿಕೊಟ್ಟವನೂ ನಾನೇ. ಆದ್ದರಿಂದ ಇಲ್ಲಿ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ಕಾಡಂಚಿನಲ್ಲಿ ಜಮೀನು ತಗೊಂಡು 'ಪ್ರಾಣಿಗಳಿಗೂ ಒಂದಿಷ್ಟು ಬಿಡೋಣ' ಎಂದು ಯೋಚಿಸುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಜಮೀನು ಮತ್ತು ಆಸೆ

ಒಟ್ಟು ಒಂಬತ್ತು ಎಕರೆ, ಕೆಂಪು ಮಣ್ಣು. ನಾಲ್ಕು ಎಕರೆಯನ್ನು ಊರಿನವರೊಬ್ಬರು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ, ಮಾಡುತ್ತಿದ್ದರು. ಒಂದು ವರ್ಷ ರಾಗಿ, ಒಂದು ವರ್ಷ ಹತ್ತಿ. ಒಂದೂವರೆ ಎಕರೆ ಬೀಳು ಬಿದ್ದಿತ್ತು. ಹಳ್ಳದ ಬದಿಯ ಮೂರು ಎಕರೆ ಪೂರ್ತಿ ಲಂಟಾನ ಎನ್ನುವ ಕಳೆ ಪೊದೆ. ಒಳಗೆ ಕಾಲಿಡೋಕೂ ಜಾಗ ಇರಲಿಲ್ಲ. ಉಳಿದದ್ದು ಬಂಡೆ, ಬದು. ಪಡುವಣಕ್ಕೆ ಆನೆ ಕಂದಕ, ಅದರಾಚೆ ಕಾಡು. ಕಂದಕ ಹಳ್ಳವನ್ನು ದಾಟುವ ಕಡೆ ಮಳೆ ನೀರಿಗೆ ಮಣ್ಣು ಕುಸಿದು ತುಂಬಿಕೊಂಡಿತ್ತು. ಜಿಂಕೆ, ಹಂದಿ ಓಡಾಡುತ್ತಿದ್ದದ್ದು ಆ ದಾರಿಯಲ್ಲಿ. ಮೂಡಣಕ್ಕೆ ಒಬ್ಬ ಹೆಣ್ಣುಮಗಳ ಎರಡು ಎಕರೆ ಇತ್ತು. ಗಂಡ ತೀರಿಹೋದ ಮೇಲೆ ಒಬ್ಬರೇ ದುಡಿಯುತ್ತಿದ್ದರು. ಅವರನ್ನು ಇಲ್ಲಿ ಪಕ್ಕದ ಜಮೀನಿನ ಅಕ್ಕ ಎಂದೇ ಕರೆಯುತ್ತೇನೆ.

ನಮ್ಮ ಜಮೀನಿನ ಯಜಮಾನರು ಮೈಸೂರಿನಲ್ಲಿ ನೌಕರಿ ಮುಗಿಸಿ ಊರಿಗೆ ಬಂದವರು. ಅವರು ಚಿಕ್ಕವರಿದ್ದಾಗ ಹಳ್ಳದ ಬದಿ ಬಯಲಾಗಿತ್ತಂತೆ. ಸಂಜೆ ಹೊತ್ತು ಜಿಂಕೆ ಹಿಂಡು ಅಲ್ಲಿ ಮೇಯುವುದನ್ನು ಅಪ್ಪನ ಜೊತೆ ನಿಂತು ನೋಡುತ್ತಿದ್ದರಂತೆ. ಈಗ ಆ ಜಾಗ ಲಂಟಾನದ ಪಾಲಾಗಿದೆ. "ನಾನು ಸಾಯೋದರೊಳಗೆ ಇನ್ನೊಂದು ಸಲ ಆ ಹಿಂಡು ನೋಡಬೇಕು ಕಣಪ್ಪ" ಎಂದು ಮೊದಲ ದಿನವೇ ಹೇಳಿದ್ದರು.

ದಾರಿ ತೋರಿಸಿದ್ದು ಅವರ ಮಗ. ಅವನು ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕಿದ್ದ. ನಮ್ಮ ಚುಕ್ಕೆ ಜಿಂಕೆಯನ್ನು 1930ರ ದಶಕದಲ್ಲೇ ಅಲ್ಲಿಗೆ ಒಯ್ದಿದ್ದಾರೆ. ಅಲ್ಲಿನವರು ಅದನ್ನು ಆಕ್ಸಿಸ್ ಡೀರ್ ಎನ್ನುತ್ತಾರೆ. ಅಲ್ಲಿನ ದೊಡ್ಡ ದೊಡ್ಡ ಜಮೀನುಗಳಲ್ಲಿ ಜಿಂಕೆಗಳಿಗೆಂದೇ ಮೇವಿನ ತಾಕು ಬೆಳೆಸುತ್ತಾರೆ. ಓಟ್ಸ್, ಗೋಧಿ, ಕ್ಲೋವರ್ ಎನ್ನುವ ಮೂರೆಲೆ ಸೊಪ್ಪು, ಟರ್ನಿಪ್ ಬಿತ್ತುತ್ತಾರೆ. ಮಗ ಅದನ್ನೆಲ್ಲ ಕಣ್ಣಾರೆ ನೋಡಿದ್ದ. 'ನಮ್ಮ ಜಿಂಕೆ ಅಲ್ಲಿ ಅಷ್ಟು ಚೆನ್ನಾಗಿ ಮೇಯುವಾಗ, ನಮ್ಮ ಜಮೀನಿನಲ್ಲಿ ಯಾಕಾಗಬಾರದು?' ಎನ್ನುವುದು ಅವನ ವಾದ.

ಕೇಳೋಕೆ ಸರಿಯಾಗಿಯೇ ಇತ್ತು. ಆದರೆ ಅಲ್ಲಿಗೂ ಇಲ್ಲಿಗೂ ಎರಡು ದೊಡ್ಡ ವ್ಯತ್ಯಾಸ ಇವೆ. ಅಲ್ಲಿ ಆ ತಾಕುಗಳನ್ನು ಹೆಚ್ಚಾಗಿ ಬೆಳೆಸುವುದು ಬೇಟೆಯವರಿಗಾಗಿ. ಜಿಂಕೆ ಒಂದು ಕಡೆ ಬಂದು ನಿಲ್ಲಲಿ ಎನ್ನುವುದೇ ಅದರ ಉದ್ದೇಶ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇನ್ನೊಂದು, ಅಲ್ಲಿನ ಜಮೀನು ಸಾವಿರಾರು ಎಕರೆ. ಸುತ್ತ ಎಷ್ಟೋ ಕಡೆ ಎತ್ತರದ ಬೇಲಿ ಇರುತ್ತದೆ. ತಾಕಿಗೆ ಬಂದ ಜಿಂಕೆ ಪಕ್ಕದವರ ಹೊಲಕ್ಕೆ ಹೋಗುವ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಬೇಟೆಯ ಮಾತು ಬಂದಾಗ ಯಜಮಾನರು "ಅದು ನಮಗೆ ಬೇಡವೇ ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಎರಡನೆಯ ವ್ಯತ್ಯಾಸದ ಬಗ್ಗೆ ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಬೀಜದ ಆಯ್ಕೆ

ಬೀಜದ ವಿಷಯದಲ್ಲಿ ನಾನು ಎಚ್ಚರ ವಹಿಸಿದ್ದೆ. ಈ ಭಾಗ ಇವತ್ತಿಗೂ ಸರಿ ಎಂದೇ ನನಗನ್ನಿಸುತ್ತದೆ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ನೇಪಿಯರ್ ಹುಲ್ಲು, ಮುಸುಕಿನ ಜೋಳ, ಕಬ್ಬು, ಬಾಳೆ ಇವು ಬೇಡವೆಂದೆ. ಇವೆಲ್ಲ ಆನೆಯನ್ನು ಕರೆಯುವ ಬೆಳೆಗಳು. ಜೋಳವೂ ಬೇಡವೆಂದೆ. ಎಳೆ ಜೋಳದಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ, ಸೈನೈಡ್ ಜಾತಿಯ ವಿಷ ಸೇರಿಕೊಳ್ಳುತ್ತದೆ. ನಮ್ಮ ರೈತರು ಎಳೆ ಜೋಳದ ಹೊಲಕ್ಕೆ ದನ ಬಿಡದೇ ಇರುವುದು ಇದಕ್ಕೇ. ಕಾಳು ಸುರಿಯುವುದಂತೂ ಕೂಡದು ಎಂದು ಖಡಾಖಂಡಿತವಾಗಿ ಹೇಳಿದೆ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಹುಲ್ಲು ಸೊಪ್ಪಿಗೆ ಒಗ್ಗಿದ ಹೊಟ್ಟೆಗೆ ಏಕಾಏಕಿ ಕಾಳು ಬಿದ್ದರೆ ಒಳಗೆ ಹುಳಿಯಾಗಿ ಪ್ರಾಣಕ್ಕೇ ಕುತ್ತು. ಮಗ ಉಪ್ಪಿನ ಗಟ್ಟಿ ಇಡೋಣ ಎಂದಿದ್ದ. ಅದಕ್ಕೂ ಒಪ್ಪಲಿಲ್ಲ. ಹತ್ತಾರು ಜಿಂಕೆ, ಊರಿನ ದನ ಎಲ್ಲ ಒಂದೇ ಗಟ್ಟಿ ನೆಕ್ಕಿದರೆ ಕಾಲುಬಾಯಿ ಜ್ವರದಂಥ ಕಾಯಿಲೆ ಅತ್ತಿಂದಿತ್ತ ಹರಡಲು ನಾವೇ ಹಾದಿ ಮಾಡಿಕೊಟ್ಟಂತೆ.

ಉಳಿದದ್ದು ಅಲಸಂದೆ ಮತ್ತು ಹುರುಳಿ. ಎರಡೂ ನೆಲಕ್ಕೆ ಹತ್ತಿರ ಹಬ್ಬುತ್ತವೆ, ಮಣ್ಣಿಗೂ ಒಳ್ಳೆಯದು, ಬೀಜ ಊರಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣ ಹಚ್ಚಿದ ಬೀಜ ತರಬೇಡಿ ಎಂದೆ. ಆ ಬಣ್ಣದ ಜೊತೆ ಔಷಧಿ ಇರುತ್ತದೆ. ಬಿತ್ತಿದ ಮಾರನೇ ದಿನವೇ ನವಿಲು ಬಂದು ಕೆದಕಿ ತಿನ್ನುತ್ತದೆ ಅಲ್ವಾ? ಯೂರಿಯಾ ಹಾಕಲಿಲ್ಲ, ಕೊಟ್ಟಿಗೆ ಗೊಬ್ಬರವನ್ನೇ ಹಾಕಿದೆವು.

ಇನ್ನೊಂದು ಕೆಲಸ ಮಾಡಿದೆವು. ಕೋಳಿ ಜಾಲರಿ ತಂದು ಮೂರಡಿ ಅಗಲ, ನಾಲ್ಕಡಿ ಎತ್ತರದ ಮೂರು ದುಂಡನೆಯ ಪಂಜರ ಮಾಡಿ, ಹೊಲದಲ್ಲಿ ಮೂರು ಕಡೆ ಗೂಟ ಹೊಡೆದು ನಿಲ್ಲಿಸಿದೆವು. ಪಂಜರದ ಒಳಗಿನ ಬೆಳೆಗೆ ಯಾವ ಪ್ರಾಣಿಯೂ ಬಾಯಿ ಹಾಕಲಾರದು. ಒಳಗಿನ ಎತ್ತರ, ಹೊರಗಿನ ಎತ್ತರ ಎರಡನ್ನೂ ಅಳೆದರೆ ಎಷ್ಟು ಮೇಯ್ದಿವೆ ಎನ್ನುವುದು ತಿಳಿಯುತ್ತದೆ. ಅಮೆರಿಕದವರ ಈ ಉಪಾಯ ಮಾತ್ರ ನಮಗೆ ಕೊನೆಯವರೆಗೂ ಕೆಲಸಕ್ಕೆ ಬಂತು.

ಮೊದಲ ಬಿತ್ತನೆ, ಎರಡನೇ ಬಿತ್ತನೆ

ಜೂನ್ ಮೊದಲ ವಾರ ರೋಹಿಣಿ ಮಳೆಗೆ ಅಲಸಂದೆ ಬಿತ್ತಿದೆವು. ಚೆನ್ನಾಗಿ ಹುಟ್ಟಿತು. ಹನ್ನೆರಡನೇ ದಿನ ಹೋಗಿ ನೋಡಿದರೆ ಪಂಜರದೊಳಗೆ ಗೇಣುದ್ದ ಗಿಡ, ಹೊರಗೆ ಬೆರಳುದ್ದದ ಮೊಂಡು ಕಡ್ಡಿ. ಒಂದೂವರೆ ಎಕರೆ ಎನ್ನುವುದು ಒಂದು ಹಿಂಡಿಗೆ ಎಷ್ಟರ ಮಾತು? ಗಿಡ ಬೇರು ಬಿಡುವ ಮುಂಚೆಯೇ ಮುಗಿದುಹೋಗಿತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಯಜಮಾನರ ಮುಖ ನೋಡಿ ನನಗೂ ಮನಸ್ಸು ಬರಲಿಲ್ಲ. ಗಿಡ ಬಲಿಯುವವರೆಗೆ ಬೇಲಿ ಹಾಕಿ, ಆಮೇಲೆ ತೆಗೆಯೋಣ ಎಂದು ಸಲಹೆ ಕೊಟ್ಟವನು ನಾನೇ. ಜುಲೈ ನಡುವಿನಲ್ಲಿ ಅಲಸಂದೆ, ಹುರುಳಿ ಬೆರೆಸಿ ಮತ್ತೆ ಬಿತ್ತಿ, ಸುತ್ತ ಮುಳ್ಳು ಬೇಲಿ ಕಟ್ಟಿಸಿದೆವು. ನಲವತ್ತೈದು ದಿನಕ್ಕೆ ಹೊಲ ಹಸಿರು ಕಂಬಳಿ ಹಾಸಿದ ಹಾಗಿತ್ತು. ಆಗಸ್ಟ್ ಕೊನೆಯಲ್ಲಿ ಕಾಡಿನ ಕಡೆಯ ಬೇಲಿ ತೆಗೆಸಿದೆವು.

ನಾಲ್ಕನೇ ದಿನ ಸಂಜೆ ಯಜಮಾನರ ಫೋನು. ಗಂಟಲು ಕಟ್ಟಿತ್ತು. "ಮೂವತ್ತೊಂದು ಎಣಿಸಿದೆ ಕಣಪ್ಪ. ಎರಡು ಗಂಡು, ಮರಿಗಳೂ ಇದ್ದಾವೆ." ಮಾರನೇ ದಿನ ನಾನೂ ಹೋದೆ. ಬಂಡೆಯ ಹಿಂದೆ ಕೂತು ನೋಡಿದೆವು. ಬಿಸಿಲು ಇಳಿಯುತ್ತಿದ್ದ ಹಾಗೆ ಮೊದಲು ಒಂದು ಹೆಣ್ಣು ಕಂದಕದ ಕುಸಿದ ಜಾಗದಲ್ಲಿ ಬಂದು ನಿಂತಿತು. ಕಿವಿ ಆಡಿಸಿತು. ಮುಂಗಾಲನ್ನು ಒಮ್ಮೆ ನೆಲಕ್ಕೆ ಬಡಿಯಿತು. ಆಮೇಲೆ ಒಂದೊಂದಾಗಿ ಬಂದವು. ಒದ್ದೆ ಅಲಸಂದೆ ಎಲೆ ಹರಿಯುವ ಸದ್ದು ನಾವು ಕೂತ ಜಾಗಕ್ಕೂ ಕೇಳಿಸುತ್ತಿತ್ತು. ಆ ಸಂಜೆ ನನಗೂ ತುಂಬ ಖುಷಿಯಾಗಿತ್ತು. ಆ ಖುಷಿಯಲ್ಲಿ ಇಬ್ಬರೂ ಮೂಡಣದ ಕಡೆ ತಿರುಗಿ ನೋಡಲಿಲ್ಲ.

ಪಕ್ಕದ ಹೊಲ

ಪಕ್ಕದ ಅಕ್ಕ ಎರಡು ಎಕರೆಗೂ ರಾಗಿ ಹಾಕಿದ್ದರು. ನಮ್ಮ ಕಡೆಯ ಪದ್ಧತಿಯಂತೆ ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ. ಮೊದಲೆಲ್ಲ ಅವರ ಹೊಲಕ್ಕೆ ಜಿಂಕೆ ಬರುತ್ತಿರಲಿಲ್ಲ ಎಂದೇನಲ್ಲ, ಆಗೊಮ್ಮೆ ಈಗೊಮ್ಮೆ ಎರಡು ಮೂರು ಬರುತ್ತಿದ್ದವು. ಈಗ ಹಾಗಿರಲಿಲ್ಲ. ನಮ್ಮ ತಾಕಿನಲ್ಲಿ ಮೇಯ್ದು, ಕತ್ತಲಾದ ಮೇಲೆ ಬದು ದಾಟಿ ಆ ಹೊಲಕ್ಕೆ ಇಳಿಯುತ್ತಿದ್ದವು. ನಮ್ಮ ಕಾವಲು ಇರುತ್ತಿದ್ದದ್ದು ಸಂಜೆ ಏಳರವರೆಗೆ ಮಾತ್ರ. ಏಳರ ನಂತರ ಆಗುತ್ತಿದ್ದದ್ದು ನಮಗೆ ಗೊತ್ತೇ ಇರಲಿಲ್ಲ.

ಸೆಪ್ಟೆಂಬರ್ ಎರಡನೇ ವಾರ ಅವರು ಕರೆದುಕೊಂಡು ಹೋಗಿ ತೋರಿಸಿದರು. ಅವರೆಯ ಕುಡಿಗಳೆಲ್ಲ ಹೋಗಿದ್ದವು. ಒಂದು ಕುಡಿ ಕಿತ್ತು ನನ್ನ ಅಂಗೈ ಮೇಲಿಟ್ಟರು. ಮೊಲ ತಿಂದಿದ್ದರೆ ದಂಟು ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ ನುಣ್ಣಗಿರುತ್ತದೆ. ಜಿಂಕೆಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಕಚ್ಚಿ ಎಳೆದು ಹರಿಯುತ್ತದೆ. ಹಾಗಾಗಿ ತುದಿ ನಾರು ನಾರಾಗಿರುತ್ತದೆ. ನನ್ನ ಕೈಯಲ್ಲಿದ್ದ ಕುಡಿಯೂ ನಾರು ನಾರಾಗಿತ್ತು. ಇನ್ನೊಂದು ಮೂಲೆಯಲ್ಲಿ ನೆಲವನ್ನೇ ಉತ್ತ ಹಾಗೆ ಕಾಣುತ್ತಿತ್ತು. ಅಲ್ಲಿನ ಗೊರಸಿನ ಗುರುತಿನ ಹಿಂದೆ ಎರಡು ಚಿಕ್ಕ ಚುಕ್ಕೆ, ಅಂದರೆ ಹಂದಿ. ಹುರುಳಿ ಹೊಲದ ಹಸಿಮಣ್ಣಿನ ಹುಳಕ್ಕೆ, ಗೆಡ್ಡೆಗೆ ಬಂದ ಹಂದಿಗಳು ಅವರ ರಾಗಿಯನ್ನೂ ಮಲಗಿಸಿದ್ದವು.

"ನೀವು ಊಟಕ್ಕೆ ಕರೆದ್ರಿ ಅಣ್ಣ. ಬಂದೋರು ದಾರೀಲಿ ನಮ್ಮನೇಗೂ ನುಗ್ಗವ್ರೆ" ಎಂದರು ಅಕ್ಕ ಯಜಮಾನರಿಗೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅಂತ ಯಜಮಾನರು ಆಮೇಲೆ ಎಷ್ಟೋ ಸಲ ನನಗೆ ಹೇಳಿದ್ದಾರೆ.

ಅದೇ ವಾರ ತಾಕಿನ ಒದ್ದೆ ಮಣ್ಣಿನಲ್ಲಿ ಚಿರತೆ ಹೆಜ್ಜೆ ಕಂಡಿತು. ಊರಿನ ಅಂಚಿನ ಮನೆಯ ನಾಯಿ ಕಾಣೆಯಾಯಿತು. ಜಿಂಕೆ ಬಂದ ಕಡೆ ಚಿರತೆಯೂ ಬರುತ್ತದೆ ಎನ್ನುವುದು ಹೊಸ ಮಾತೇನಲ್ಲ. ಬೆಳಗಿನ ಜಾವ ಡೈರಿಗೆ ಹಾಲು ಹಾಕಲು ಹೋಗುವ ಮಕ್ಕಳು ಆ ದಾರಿಯಲ್ಲೇ ನಡೆಯುತ್ತಾರೆ. ಊರಿನವರು ಅರಳಿಕಟ್ಟೆಯಲ್ಲಿ ಸೇರಿದರು.

ತಿರುವು

ಮನೆಯಲ್ಲಿ ಮೂರು ದಿನ ಚರ್ಚೆ ನಡೆಯಿತು. ಮಗ ಫೋನಿನಲ್ಲಿ ಹೇಳಿದ್ದು ಹೀಗೆ: ತಾಕು ಸಣ್ಣದಾಗಿದ್ದಕ್ಕೇ ಅವು ಪಕ್ಕಕ್ಕೆ ಹೋಗುತ್ತಿವೆ. ನಾಲ್ಕು ಎಕರೆಗೂ ಬಿತ್ತೋಣ, ಹೊಟ್ಟೆ ತುಂಬಿದರೆ ನಮ್ಮಲ್ಲೇ ನಿಲ್ಲುತ್ತವೆ. ಇನ್ನೊಂದು ದಾರಿ, ಅಕ್ಕನ ಹೊಲದ ಸುತ್ತ ನಮ್ಮ ಖರ್ಚಿನಲ್ಲೇ ಸೋಲಾರ್ ಬೇಲಿ. ಮೂರನೆಯದು, ಎಲ್ಲ ಉತ್ತುಬಿಡುವುದು. ನನ್ನ ಮನಸ್ಸು ಬೇಲಿಯ ಕಡೆ ಇತ್ತು. ಬೆಳೆದ ಬೆಳೆಯನ್ನು ಉಳುವುದು ನನ್ನ ಕಸುಬಿನವನಿಗೆ ಸುಲಭವಲ್ಲ.

ಆಗ ಜಮೀನಿಗೆ ಬಂದವರು ಒಬ್ಬ ಅರಣ್ಯ ವಾಚರ್. ಕಾಡೊಳಗಿನ ಆದಿವಾಸಿ ಹಾಡಿಯಲ್ಲಿ ಹುಟ್ಟಿ ಬೆಳೆದವರು. ಹೊಲ ಪೂರ್ತಿ ಸುತ್ತು ಹಾಕಿದರು. ಹಿಕ್ಕೆ ನೋಡಿದರು, ಕಂದಕದ ಕುಸಿದ ಜಾಗದಲ್ಲಿ ಕೂತು ಹೆಜ್ಜೆ ನೋಡಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಈಗ ಮಳೆಗಾಲ. ಕಾಡೊಳಗೇ ಹುಲ್ಲು ಸೊಂಟದ ಮಟ್ಟ ನಿಂತದೆ. ಈಗ್ಯಾಕ್ ಕರೀತೀರಿ ಸಾರ್?"

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಬೆಳೆ ಮಳೆಯಾಶ್ರಿತ, ಮಳೆಗಾಲದಲ್ಲಿ ಮಾತ್ರ ಬರುತ್ತದೆ. ಜಿಂಕೆಗೆ ಮೇವಿನ ಕಷ್ಟ ಇರುವುದು ಶಿವರಾತ್ರಿ ಕಳೆದ ಮೇಲೆ, ಭರಣಿ ಮಳೆ ಬೀಳುವವರೆಗೆ. ಆಗ ನಮ್ಮ ಹೊಲದಲ್ಲೂ ಏನೂ ಇರುವುದಿಲ್ಲ. ನಾವು ಬೆಳೆದದ್ದು ಜಿಂಕೆಯ ಕೊರತೆ ತುಂಬುವ ಮೇವಲ್ಲ, ಅದನ್ನು ನಮ್ಮ ಕಣ್ಣೆದುರಿಗೆ ಕರೆತರುವ ರುಚಿ. ಯಜಮಾನರು ಸುಮ್ನೆ ತಲೆ ತಗ್ಗಿಸಿಕೊಂಡು ಕೂತರು. ನಾನು ಮಣ್ಣು ನೋಡಿದ್ದೆ, ಬೀಜ ನೋಡಿದ್ದೆ. ಬಂದ ಪ್ರಾಣಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ವಾಚರ್ ಇನ್ನೊಂದು ಮಾತು ಹೇಳಿದರು. ಕಾಡಂಚಿನ ಹೊಲಗಳಲ್ಲಿ ಹಂದಿಗೆಂದು ಕದ್ದು ಉರುಳು ಹಾಕುವವರಿದ್ದಾರೆ, ಬೇಲಿಗೆ ಕರೆಂಟ್ ಕೊಡುವವರೂ ಇದ್ದಾರೆ. ಹೊರಗೆ ಬರುವ ರೂಢಿ ಬಿದ್ದ ಜಿಂಕೆ ಅಂಥದ್ದಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲಾ ಬೀದಿನಾಯಿಗಳ ಬಾಯಿಗೆ ಬೀಳುತ್ತದೆ. ಅವರ ಮೇಲಿನ ಅಧಿಕಾರಿಯೂ ಬಂದು ನಿಧಾನವಾಗಿ ತಿಳಿಸಿ ಹೇಳಿದರು. ಕಾಯ್ದೆಯಲ್ಲಿ ಬೇಟೆ ಎನ್ನುವ ಪದದ ಅರ್ಥದೊಳಗೆ ಪ್ರಾಣಿಗೆ ಆಮಿಷ ಒಡ್ಡುವುದೂ ಸೇರಿದೆ. ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ನಿಮ್ಮ ಮೇವಿಗೆ ಬಂದ ಜಿಂಕೆ ಇನ್ನೊಬ್ಬನ ಉರುಳಿಗೆ ಬಿದ್ದರೆ ಏನು ಹೇಳುತ್ತೀರಿ, ಎಂದು ಕೇಳಿದರು.

ಮಾರನೇ ದಿನ ಯಜಮಾನರು ಟ್ರ್ಯಾಕ್ಟರ್ ತರಿಸಿದರು. ಹುರುಳಿ ಹೂವಿಗೆ ಬಂದಿತ್ತು. ಒಂದೂವರೆ ಎಕರೆಯನ್ನೂ ಅರ್ಧ ದಿನದಲ್ಲಿ ಉತ್ತು ಮಣ್ಣಿಗೆ ಸೇರಿಸಿದರು.

ಉತ್ತ ಮೇಲೆ ಆದದ್ದು

ಇಲ್ಲಿ ಎರಡನೇ ತಪ್ಪಾಯಿತು. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಉತ್ತ ರಾತ್ರಿಯಿಂದ ಜಿಂಕೆಗಳು ಬರುವುದನ್ನು ನಿಲ್ಲಿಸಲಿಲ್ಲ. ಎರಡು ಮೂರು ವಾರದ ರೂಢಿ ಅದು. ನಮ್ಮ ತಾಕಿಗೆ ಬಂದು, ಬರೀ ಮಣ್ಣು ನೋಡಿ, ನೇರ ಅಕ್ಕನ ಹೊಲಕ್ಕೆ ಇಳಿದವು. ಮುಂದಿನ ಎರಡು ವಾರದಲ್ಲಿ ಅವರಿಗಾದ ನಷ್ಟ ಅದಕ್ಕೆ ಮುಂಚೆ ಆಗಿದ್ದ ನಷ್ಟಕ್ಕಿಂತ ಹೆಚ್ಚು. ಒಮ್ಮೆಗೇ ಎಲ್ಲ ಉಳುವ ಬದಲು ಮೊದಲು ಅಕ್ಕನ ಬದುವಿನ ಕಡೆ ಬೇಲಿ, ಕಾವಲು ಗಟ್ಟಿ ಮಾಡಬೇಕಿತ್ತು. ಆಮೇಲೆ ಮೂಡಣದ ಕಡೆಯಿಂದ ಪಟ್ಟಿ ಪಟ್ಟಿಯಾಗಿ ಉತ್ತು, ಕಾಡಿನ ಕಡೆಯದನ್ನು ಕೊನೆಗೆ ಮುಗಿಸಬೇಕಿತ್ತು. ಕಾಡಂಚಿನಲ್ಲಿ ಇಂಥ ತಾಕು ಮಾಡಿ ಈಗ ನಿಲ್ಲಿಸಬೇಕು ಅಂದುಕೊಂಡವರು ಯಾರಾದರೂ ಇದ್ದರೆ, ದಯವಿಟ್ಟು ಇದನ್ನು ಗಮನಿಸಿ.

ಎರಡು ವಾರ ಯಜಮಾನರು, ವಾರಕ್ಕೆ ಮಾಡುವವರು, ನಾನು ಸರದಿಯ ಮೇಲೆ ಅಕ್ಕನ ಅಟ್ಟಣೆಯಲ್ಲಿ ಕಾವಲು ಕೂತೆವು. ತಗಡು ಬಡಿಯುವುದು, ಟಾರ್ಚ್ ಬಿಡುವುದು ಅಷ್ಟೇ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಹಿಂಡು ಚದುರಿತು. ಪಹಣಿ, ಫೋಟೊ, ಬ್ಯಾಂಕ್ ಪಾಸ್‌ಬುಕ್ ಜೋಡಿಸಿ ಅರಣ್ಯ ಇಲಾಖೆಯ ಬೆಳೆ ಪರಿಹಾರಕ್ಕೆ ಅಕ್ಕನ ಕೈಯಲ್ಲಿ ಅರ್ಜಿ ಹಾಕಿಸಿದೆವು. ಆದರೆ ಅದು ಬರುವವರೆಗೆ ಅವರು ಕಾಯಬೇಕು ಎನ್ನುವುದು ಯಜಮಾನರಿಗೆ ಒಪ್ಪಿಗೆಯಾಗಲಿಲ್ಲ. ಸುಗ್ಗಿಯಲ್ಲಿ ತಮ್ಮ ಪಾಲಿಗೆ ಬಂದ ರಾಗಿಯಲ್ಲಿ ಆರು ಮೂಟೆ, ಜೊತೆಗೆ ದನಕ್ಕೆ ಒಂದು ಗಾಡಿ ಹುಲ್ಲು ಅವರ ಮನೆಗೆ ಹಾಕಿಸಿದರು. ಅಕ್ಕ ನಾಲ್ಕು ಮೂಟೆ ಇಟ್ಟುಕೊಂಡು ಎರಡು ವಾಪಸ್ ಕಳಿಸಿದರು. "ನಂಗೆ ಹೋಗಿದ್ದು ಅಷ್ಟೇ" ಎಂದರು.

ಲಂಟಾನದ ಕಡೆ

ಯಜಮಾನರು ಆಸೆ ಬಿಡಲಿಲ್ಲ. ಆದರೆ ಅವರ ಪ್ರಶ್ನೆ ಬದಲಾಯಿತು. ಮೊದಲು ಜಿಂಕೆಗೆ ಏನು ಬಿತ್ತಲಿ ಎಂದು ಕೇಳುತ್ತಿದ್ದವರು, ಜಿಂಕೆಯದೇ ಆಗಿದ್ದ ಹುಲ್ಲು ಎಲ್ಲಿ ಹೋಯಿತು ಎಂದು ಕೇಳತೊಡಗಿದರು. ಹಳ್ಳದ ಬದಿಯ ಮೂರು ಎಕರೆಯಲ್ಲೇ ಉತ್ತರ ಇತ್ತು.

ಲಂಟಾನ ನಮ್ಮ ಗಿಡವಲ್ಲ. ಅಮೆರಿಕ ಖಂಡದ್ದು. ಹೂವಿನ ಚೆಂದಕ್ಕೆ ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಬ್ರಿಟಿಷರು ತಂದದ್ದು. ಈಗ ಬಂಡೀಪುರ, ನಾಗರಹೊಳೆಯಲ್ಲಿ ಎಲ್ಲಿ ನೋಡಿದರೂ ಅದೇ. ಅದರ ಸೊಪ್ಪು ವಿಷ. ತಿಂದ ದನದ ಈಲಿ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಪೊದೆ ದಟ್ಟವಾದರೆ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಸುಮ್ನೆ ಕಡಿದರೆ ಬುಡದಿಂದ ಇನ್ನಷ್ಟು ಚಿಗುರುತ್ತದೆ, ಸುಟ್ಟರೂ ಅಷ್ಟೇ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ಹೇಳಿಕೊಟ್ಟ ಒಂದು ವಿಧಾನ ಇದೆ. ಗುದ್ದಲಿಯಿಂದ ಬುಡದ ಪಕ್ಕ ಏಟು ಹಾಕಿ, ನೆಲದಿಂದ ಒಂದೆರಡು ಅಂಗುಲ ಕೆಳಗೆ ತಾಯಿ ಬೇರು ಕತ್ತರಿಸಬೇಕು. ಆಮೇಲೆ ಇಡೀ ಪೊದೆ ಎತ್ತಿ, ಬೇರು ಮೇಲೆ ಮಾಡಿ ತಲೆಕೆಳಗಾಗಿ ಇಡಬೇಕು. ಹಾಗೆ ಇಟ್ಟರೆ ಒಣಗಿ ಸಾಯುತ್ತದೆ, ಮತ್ತೆ ಬೇರು ಬಿಡುವುದಿಲ್ಲ. ಮಣ್ಣು ಅಗೆದು ಕೆದಕುವ ಕೆಲಸವೂ ಇಲ್ಲ. ಹಾಗಾಗಿ ಒಳಗಿದ್ದ ಕಳೆ ಬೀಜ ಮೇಲೆ ಬರುವುದು ಕಡಿಮೆ.

ನಾವು ಮೂರು ಎಕರೆಯನ್ನೂ ಒಮ್ಮೆಗೇ ತೆಗೆಯಲಿಲ್ಲ. ಹಿಂದಿನ ತಪ್ಪು ಕಲಿಸಿತ್ತು. ಲಂಟಾನ ಕೆಟ್ಟದ್ದೇ ಇರಬಹುದು, ಆದರೆ ಅದರೊಳಗೆ ಮೊಲ, ಕಾಡುಕುರಿ ಎನ್ನುವ ಬೊಗಳುವ ಜಿಂಕೆ, ಪಿಕಳಾರ ಹಕ್ಕಿಗಳು ವಾಸ ಮಾಡಿಕೊಂಡಿದ್ದವು. ಹತ್ತು ಹೆಜ್ಜೆ ಅಗಲದ ಪಟ್ಟಿ ತೆಗೆದು, ಪಕ್ಕದ ಪಟ್ಟಿ ಬಿಟ್ಟೆವು. ತೆಗೆದ ಕಡೆ ಮಳೆ ಬಿದ್ದ ಮೇಲೆ ನಮ್ಮದೇ ಬದುಗಳ ಗರಿಕೆ ಬೇರು ತಂದು ನೆಟ್ಟೆವು. ಉಳಿದ ಹುಲ್ಲು ತಾನಾಗಿ ಬಂತು. ಅಷ್ಟು ವರ್ಷ ಪೊದೆಯ ಕೆಳಗೆ ಮಲಗಿದ್ದ ಬೀಜವೋ, ಹಳ್ಳದ ನೀರಿನಲ್ಲಿ ಬಂದದ್ದೋ, ಎರಡನೇ ಮಳೆಗಾಲಕ್ಕೆ ಮೊಣಕಾಲುದ್ದ ಆಗಿತ್ತು. ಲಂಟಾನ ಸಸಿಗಳೂ ಹುಟ್ಟಿದವು. ಅದರಲ್ಲೂ ಮರಗಳ ಕೆಳಗೆ ಜಾಸ್ತಿ. ಹಣ್ಣು ತಿಂದ ಹಕ್ಕಿ ಕೂರುವುದು ಅಲ್ಲೇ ತಾನೆ? ಪ್ರತಿ ಮಳೆಗಾಲ ಎರಡು ಸಲ ಕೈಯಲ್ಲಿ ಕೀಳಿಸುತ್ತಿದ್ದೇವೆ. ಈ ಖರ್ಚನ್ನು ಮೂರು ವರ್ಷವಾದರೂ ಲೆಕ್ಕಕ್ಕೆ ಹಿಡಿಯದೆ ಈ ಕೆಲಸಕ್ಕೆ ಕೈ ಹಾಕಬಾರದು.

ಕಾಡಿನ ಕಡೆ ನೆಲ್ಲಿ, ತಾರೆ, ಎಲಚಿ ಸಸಿ ನೆಟ್ಟೆವು. ಮಳೆಗಾಲ ಮುಗಿದ ಮೇಲೆ ಜಿಂಕೆಗೆ ಆಸರೆ ಇಂಥ ಉದುರಿದ ಹಣ್ಣು. ಕೋತಿ, ಮುಸಿಯಗಳು ಮರದ ಮೇಲೆ ಕೂತು ತಿಂದು ಚೆಲ್ಲಿದ್ದನ್ನು ಕೆಳಗೆ ಜಿಂಕೆ ಹೆಕ್ಕುವುದನ್ನು ಕಾಡು ಬಲ್ಲವರೆಲ್ಲ ನೋಡಿದ್ದಾರೆ. ಹಲಸು ಬೇಡವೆಂದೆವು, ಆನೆಗೆ ಅದರ ವಾಸನೆ ಸಾಕು. ಬೇಸಿಗೆಗೆ ನೀರಿನ ತೊಟ್ಟಿ ಕಟ್ಟಿಸುವ ಮಾತೂ ಬಂತು. ವಾಚರ್ ಬೇಡ ಎಂದರು, ಯಜಮಾನರು ಈ ಸಲ ಮರುಮಾತಿಲ್ಲದೆ ಬಿಟ್ಟರು. ನೀರಿಟ್ಟರೆ ಬೇಸಿಗೆಯಲ್ಲಿ ಆನೆಯೂ ಬರುತ್ತದೆ. ಊರಿಗೆ ಅಷ್ಟು ಹತ್ತಿರ ಅದು ಆಗದ ಕೆಲಸ.

ಅಕ್ಕನ ಬದುವಿಗೆ ಸೇರಿದ ನಮ್ಮ ಕಡೆ ಎರಡು ಸಾಲು ಹರಳು ಗಿಡ, ಅದರ ಈಚೆ ಹುಚ್ಚೆಳ್ಳು ಹಾಕಿದೆವು. ದನ ಬಾಯಿ ಹಾಕುವುದಿಲ್ಲ ಎಂದು ರಾಗಿ ಹೊಲದ ಅಂಚಿಗೆ ಹುಚ್ಚೆಳ್ಳು ಬಿತ್ತುವುದು ನಮ್ಮ ಹಿರಿಯರ ರೂಢಿ. ಜಿಂಕೆಯೂ ಅದನ್ನು ಮೂಸಿ ಬಿಡುತ್ತದೆ. ಊರಿನ ದನಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ತಪ್ಪದಂತೆ ಹಾಕಿಸಲು ಯಜಮಾನರೇ ಮುಂದೆ ನಿಂತಿದ್ದಾರೆ. ಅಕ್ಕನ ಎರಡು ಹಸುಗಳಿಂದಲೇ ಅದು ಶುರುವಾದದ್ದು.

ಈಗಿನ ಸ್ಥಿತಿ

ಇದು ನಾಲ್ಕನೇ ವರ್ಷ. ಸಂಜೆ ಬರುವುದು ಎಂಟು, ಹತ್ತು ಜಿಂಕೆ. ಮೂವತ್ತೊಂದು ಮತ್ತೆ ಕಾಣಲಿಲ್ಲ. ಹಳ್ಳದ ಬದಿಯಲ್ಲಿ ಅರ್ಧ ಗಂಟೆ ಮೇಯ್ದು ವಾಪಸ್ ಹೋಗುತ್ತವೆ. ಅಲಸಂದೆಯ ಹಾಗೆ ಹುಲ್ಲಿಗಾಗಿ ಅವು ಕಾದು ನಿಲ್ಲುವುದಿಲ್ಲ, ಅದೇ ಹುಲ್ಲು ಕಾಡಲ್ಲೂ ಸಿಗುತ್ತದೆ. ಫೆಬ್ರವರಿಯಲ್ಲಿ ಉಳಿದೆಲ್ಲ ಕಡೆ ಒಣಗಿದರೂ ಹಳ್ಳದ ತೇವಕ್ಕೆ ಗರಿಕೆ ಹಸಿರಾಗಿರುತ್ತದೆ. ಆಗ ಸ್ವಲ್ಪ ಹೆಚ್ಚು ದಿನ ಬರುತ್ತವೆ. ಅಷ್ಟೊತ್ತಿಗೆ ಅಕ್ಕನ ರಾಗಿ ಮನೆ ಸೇರಿರುತ್ತದೆ. ಹಂದಿಯ ಕಾಟ ಮಾತ್ರ ಕಡಿಮೆಯಾಗಿಲ್ಲ. ಅದಕ್ಕೆ ನಮ್ಮಿಂದ ಪರಿಹಾರ ಸಿಕ್ಕಿಲ್ಲ. ಕಂದಕದ ಕುಸಿದ ಜಾಗವೂ ಹಾಗೇ ಇದೆ.

ಒಂದೂವರೆ ಎಕರೆಯಲ್ಲಿ ಈಗ ರಾಗಿ. ಮೂರು ಪಂಜರಗಳಲ್ಲಿ ಎರಡು ಹಳ್ಳದ ಬದಿಯ ಹುಲ್ಲಿನಲ್ಲಿವೆ. ಒಂದನ್ನು ಕಳೆದ ವರ್ಷ ಅಕ್ಕ ಕೇಳಿ ತಗೊಂಡು ಹೋಗಿ ತಮ್ಮ ಅವರೆ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾರೆ. ವಾರಕ್ಕೊಮ್ಮೆ ಗೇಣಿನಲ್ಲಿ ಒಳಗಿನದು, ಹೊರಗಿನದು ಅಳೆದು ಯಜಮಾನರ ಮನೆ ಗೋಡೆಗೆ ನೇತುಹಾಕಿರುವ ಕ್ಯಾಲೆಂಡರಿನಲ್ಲಿ ಬರೆಸುತ್ತಾರೆ. ಮೊನ್ನೆ ನಾನು ಹೋದಾಗ ಒಳಗೆ ಮೂರು ಗೇಣು, ಹೊರಗೆ ಎರಡೂವರೆ ಎಂದು ಬರೆದಿತ್ತು. ಲಂಟಾನದ ಕೊನೆಯ ಎರಡು ಪಟ್ಟಿ ಇನ್ನೂ ಉಳಿದಿವೆ. ಅವುಗಳಲ್ಲಿ ಒಂದರೊಳಗೆ ಕಾಡುಕುರಿಯೊಂದು ಮರಿ ಹಾಕಿದೆ ಎಂದು ವಾಚರ್ ಹೇಳಿದ್ದಾರೆ. ಆ ಪಟ್ಟಿಗೆ ಈ ವರ್ಷ ಗುದ್ದಲಿ ಹಾಕುವುದಿಲ್ಲ.